ನಾಲ್ಕನೆಯವನ ಕಿವಿ

“ಇವನ ತಲೆ ಅವನ ಕಿವಿಗೂ ಮುಟ್ಟಲ್ವೇನೋ, ಬೆಜಾ?”

ಏಣಿಯ ಮೇಲೆ ನಿಂತು ಮೊದಲನೆಯ ಗೊರಿಲ್ಲಾದ ನೆತ್ತಿಗೆ ಕಪ್ಪು ಬಳಿಯುತ್ತಿದ್ದ ನಾನು ತಿರುಗಿ ನೋಡಿದೆ. ಕೆಳಗೆ ಪಾ ಫೊಲೆಫಾಕ್ ನಿಂತಿದ್ದರು. ಟೋಪಿಗೆ ಸಿಕ್ಕಿಸಿದ ಕೆಂಪು ಗರಿ, ಹೆಗಲಲ್ಲಿ ನಾರಿನ ಚೀಲ, ಕೈಯಲ್ಲಿ ಕೋಲು. ನಮ್ಮ ಕೇರಿಗೆ ಅವರೇ ಯಜಮಾನರು. ಯಜಮಾನರಿಗಿಂತ ಎತ್ತರದಲ್ಲಿ ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಇಳಿದು ಬಂದು, ಹಿರಿಯರಿಗೆ ಮಾಡುವ ಹಾಗೆ ಮೆಲ್ಲಗೆ ಎರಡು ಸಲ ಚಪ್ಪಾಳೆ ತಟ್ಟಿ, ಬೊಗಸೆಯನ್ನು ಬಾಯಿಗೆ ಅಡ್ಡ ಹಿಡಿದು, “ಯಾರ ತಲೆ, ಪಾ?” ಎಂದೆ.

“ಯಾರ ತಲೆ ಅಂತೆ! ಬರೆದವನು ನೀನು, ನನ್ನ ಕೇಳ್ತೀಯಾ?” ಕೋಲಿನ ತುದಿ ನಾಲ್ಕನೆಯ ಗೊರಿಲ್ಲಾದ ನೆತ್ತಿಗೆ ಟಕ್ಕೆಂದು ತಾಗಿತು. “ಇವನು. ನಮ್ಮ ಗುಡ್ಡದವನು. ಸಾಲಿನ ಕೊನೇಲಿ ನಿಲ್ಲಿಸಿದೀಯಲ್ಲ, ಊಟಕ್ಕೆ ತಡವಾಗಿ ಬಂದ ನೆಂಟನ ಹಾಗೆ, ಇವನು!”

ಜಂಕ್ಷನ್ನಿನಲ್ಲಿ ಅಷ್ಟು ಹೊತ್ತಿಗೆ ಏಳೆಂಟು ಜನ ಸೇರಿದ್ದರು. ಅದು ಪೇಟೆಯ ಕಾಡು ಕಾಯುವ ಕಚೇರಿಯವರು ಮಾಡಿಸುತ್ತಿದ್ದ ಬೋರ್ಡು. ನಾಲ್ಕು ಮೀಟರ್ ಅಗಲ, ಇನ್ನೂ ಸಿಮೆಂಟ್ ಹಾಕದ ಗುಂಡಿಗಳಲ್ಲಿ ನಿಲ್ಲಿಸಿದ ಎರಡು ಕಂಬ. ನಾಲ್ಕು ಜಾತಿಯ ಗಂಡು ಗೊರಿಲ್ಲಾಗಳು ಎದ್ದು ನಿಂತರೆ ಎಷ್ಟೆತ್ತರವೋ ಅಷ್ಟೇ ಎತ್ತರಕ್ಕೆ ಬರೆಯಬೇಕು, ನೋಡಲು ಬಂದವರು ಪಕ್ಕದಲ್ಲಿ ನಿಂತು ತಮ್ಮನ್ನು ಅಳೆದುಕೊಳ್ಳಬೇಕು ಎಂಬುದು ಕಚೇರಿಯ ಎವಾನೆ ಸಾರ್ ಅವರ ಆಸೆ. ಅಳತೆಗಳನ್ನು ಅವರೇ ಕಾಗದದಲ್ಲಿ ಬರೆದು ಕೊಟ್ಟಿದ್ದರು. ಕಾಂಗೋ ದೇಶದ ಪೂರ್ವದ ತಗ್ಗುಕಾಡಿನದು ಎಲ್ಲಕ್ಕಿಂತ ದೊಡ್ಡದು, ನೂರ ಎಂಬತ್ತೈದು ಸೆಂಟಿಮೀಟರ್. ಅದರ ಪಕ್ಕ ರುವಾಂಡಾ ಕಡೆಯ ಬೆಟ್ಟದ ಗೊರಿಲ್ಲಾ, ನೂರ ಎಪ್ಪತ್ತೆಂಟು, ಚಳಿಗೆ ಮೈತುಂಬ ಉದ್ದ ಕೂದಲು. ಆಮೇಲೆ ಗಬೋನಿನವರೆಗೂ ಹರಡಿರುವ ಪಶ್ಚಿಮದ ತಗ್ಗುಕಾಡಿನದು, ನೂರ ಎಪ್ಪತ್ತೆರಡು, ನೆತ್ತಿಯ ಮೇಲೆ ಕೆಂಗಂದು. ಕೊನೆಗೆ ನಮ್ಮದು, ಕ್ರಾಸ್ ನದಿಯ ಗೊರಿಲ್ಲಾ, ನೂರ ಅರವತ್ತೈದು. ನಾಲ್ಕು ತಲೆಗಳೂ ಮೆಟ್ಟಿಲಿಳಿದ ಹಾಗೆ ಕಾಣುತ್ತಿದ್ದವು.

“ಅಳತೆ ನನ್ನದಲ್ಲ ಪಾ, ಕಚೇರಿಯವರದು,” ಎಂದು ಕಾಗದ ತೋರಿಸಿದೆ.

ಅವರು ಕಾಗದವನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ಓದಿದರು. “ಇದೇನಿದು? ಮೂರಕ್ಕೂ ತೂಕ ಬರೆದಿದೆ. ಇನ್ನೂರು ಕಿಲೋ. ನೂರ ಎಂಬತ್ತು. ನೂರ ಅರವತ್ತೆಂಟು. ಇವನಿಗೆ ಮಾತ್ರ ‘ಸುಮಾರು’. ಸುಮಾರು ಅಂದ್ರೆ ಏನು? ಇವನೇನು ಸಂತೇಲಿ ಕುಪ್ಪೆ ಹಾಕಿದ ಗೆಣಸಾ?”

“ನಮ್ಮದನ್ನ ಯಾರೂ ಸರಿಯಾಗಿ ತೂಗಿಲ್ಲವಂತೆ, ಪಾ.”

“ತೂಗದೆ ಕುಳ್ಳ ಅಂತ ಹೆಂಗೆ ಹೇಳಿದ್ರು?”

“ಹಳೇ ತಲೆಬುರುಡೆಗಳನ್ನ ನೋಡಿ ಲೆಕ್ಕ ಹಾಕಿದ್ದು ಅಂದ್ರು ಎವಾನೆ ಸಾರ್. ಬಿಳಿಯರ ಕಾಲದಲ್ಲಿ ಹೊಡೆದು ತಗೊಂಡು ಹೋದವು. ಬುರುಡೆ ಚಿಕ್ಕದು, ಹಲ್ಲೂ ಚಿಕ್ಕದು ಅಂತ...”

“ಹೊಡೆದು, ತಲೆ ಕಡಿದು, ಪೆಟ್ಟಿಗೇಲಿ ಹಾಕಿ, ಹಡಗು ಹತ್ತಿಸಿ, ಅಲ್ಲಿ ಹೋಗಿ ಟೇಪು ಹಿಡಿದು ‘ಅಯ್ಯೋ ಚಿಕ್ಕದು’ ಅಂದ್ರಾ?” ಪಾ ಅವರ ದನಿ ಏರಿತು. “ನಾಚಿಕೆ ಆಗಲ್ವಾ ಅವರಿಗೆ? ನಿನಗಾದ್ರೂ ಆಗಲ್ವಾ?”

ರಸ್ತೆಯಂಚಿನಲ್ಲಿ ಗೆಡ್ಡೆ ಕುಟ್ಟಿ ಅಚು ಮಾಡಿ ಮಾರುವ ಮಾ ಅಗ್ನೆಸ್, ಒನಕೆ ನಿಲ್ಲಿಸಿ ಅಂದಳು: “ಬಿಡಿ ಪಾ. ನಮ್ಮ ಗಂಡಸರೆಲ್ಲ ಅಷ್ಟೇ ಎತ್ತರ. ನಾವು ಸಹಿಸಿಕೊಂಡಿಲ್ವಾ?”

ಎಲ್ಲರೂ ನಕ್ಕರು. ಪಾ ನಗಲಿಲ್ಲ. ಅದೇ ಹೊತ್ತಿಗೆ ಬೇಟೆಗಾರ ಮೋರ್ಫಾ ಬಂದ. ಹೆಗಲಿಗೆ ನಾಡಬಂದೂಕು. ತೊರೆಯ ಪಕ್ಕದ ರಾಫಿಯಾ ತಾಳೆತೋಪಿನ ಜಗಳದಲ್ಲಿ ಪಾ ಅವನ ವಿರುದ್ಧ ತೀರ್ಪು ಕೊಟ್ಟ ದಿನದಿಂದ ಅವನು ಅವರೆದುರು ಚಪ್ಪಾಳೆ ತಟ್ಟುವುದನ್ನು ಬಿಟ್ಟಿದ್ದ. ಇವತ್ತೂ ತಟ್ಟಲಿಲ್ಲ. ಬೋರ್ಡಿನ ಹತ್ತಿರ ಹೋಗಿ, ನಾಲ್ಕನೆಯದರ ಮುಖಕ್ಕೆ ಮುಖ ಕೊಟ್ಟು ನಿಂತ. ಬೆರಳೆತ್ತಿ ಅದರ ಎಡಗಿವಿಯನ್ನು ಮುಟ್ಟಿದ. ಎರಡು ಸೀಳಾದ ಕಿವಿ.

ಆಮೇಲೆ ಪಾ ಅವರ ಕಡೆ ತಿರುಗಿದ. ನಿಧಾನವಾಗಿ, ಅವರ ಎಡಗಿವಿಯನ್ನೇ ನೋಡಿದ.

“ಎತ್ತರದ ಮಾತು ಬಿಡು, ಆರ್ಟಿಸ್ಟು,” ಅಂದ. “ಕಿವಿ ಮಾತ್ರ ಬಲು ಚೆನ್ನಾಗಿ ಬರೆದಿದೀಯ. ಇನ್ನು ಗುಡ್ಡದಲ್ಲಿ ಯಾವನು ಎದುರು ಬಂದ ಅಂತ ಗುರುತು ಹಿಡಿಯೋಕೆ ಕಷ್ಟವೇ ಇಲ್ಲ.”

ಪಾ ಅವರ ಕೋಲು ಗಾಳಿಯಲ್ಲಿ ಸುತ್ತಿ ಬೋರ್ಡಿನ ತಗಡಿಗೆ ಬಡಿಯಿತು. ಜಂಕ್ಷನ್ನೆಲ್ಲ ಗಂಟೆ ಬಾರಿಸಿದಂತೆ ಸದ್ದಾಯಿತು. ಅವರು ಮನೆಯ ಹಾದಿ ಹಿಡಿದರು. ಮೋರ್ಫಾ, ಅಡಿಕೆಯ ಹಾಗೆ ಅಗಿಯುವ ಒಂದು ಕೋಲಾ ಕಾಯಿ ಬಾಯಿಗೆ ಹಾಕಿಕೊಂಡು ಇನ್ನೊಂದು ದಿಕ್ಕಿಗೆ ನಡೆದ.

ಏಣಿಯ ಕೆಳಗೆ ನಿಂತಿದ್ದ ನನಗೆ ನಾನು ಬರೆದದ್ದು ಯಾರ ಕಿವಿಯೆಂದು ಆಗ ಹೊಳೆಯಿತು.

ಹೇಳಬಾರದ್ದನ್ನು ಹೇಳುತ್ತಿದ್ದೇನೆ, ಹೇಳದಿದ್ದರೆ ನಾನು ಮಾಡಿದ್ದು ಎಂಥ ತಪ್ಪೆಂದು ತಿಳಿಯುವುದಿಲ್ಲ. ನಮ್ಮಲ್ಲಿ ಕೆಲವರಿಗೆ ಕಾಡಿನಲ್ಲಿ ಇನ್ನೊಂದು ಮೈ ಇರುತ್ತದೆ. ಚಿರತೆಯದೋ, ಹೆಬ್ಬಾವಿನದೋ, ದೊಡ್ಡವರಾದರೆ ಗೊರಿಲ್ಲಾದ್ದೋ. ಆ ಮೈಗೆ ಮುಳ್ಳು ತಾಗಿದರೆ ಈ ಮೈಯಲ್ಲಿ ಗಾಯ ಏಳುತ್ತದೆ. ಆ ಮೈಗೆ ಗುಂಡು ಬಿದ್ದರೆ ಈ ಮೈ ಚಾಪೆಯಿಂದ ಏಳುವುದಿಲ್ಲ. ಯಾರಿಗೆ ಯಾವುದು ಎಂದು ಕೇಳುವವರಿಲ್ಲ, ಹೇಳುವವರಂತೂ ಇಲ್ಲವೇ ಇಲ್ಲ. ಐದು ವರ್ಷದ ಹಿಂದೆ ಪಾ ಎಡಗಿವಿಗೆ ಬಟ್ಟೆ ಸುತ್ತಿಕೊಂಡು ಬಂದು, ಕೋಕೋ ಗಿಡದ ಕೊಂಬೆ ಗೀರಿ ಕಿವಿ ಎರಡು ಸೀಳಾಯಿತು ಎಂದಾಗ ನಾವೆಲ್ಲ, “ಆ ಕೊಂಬೆಗಳು ಹಾಳಾಗಲಿ” ಎಂದಿದ್ದೆವು. ಅಷ್ಟಕ್ಕೇ ಮುಗಿಸಿದ್ದೆವು.

ಇನ್ನು ನಾನೋ, ಐವತ್ತು ವರ್ಷ ಈ ಗುಡ್ಡದ ಬುಡದಲ್ಲೇ ಬದುಕಿಯೂ ಜೀವಂತ ಗೊರಿಲ್ಲಾ ಕಂಡವನಲ್ಲ. ನಮ್ಮ ಗೊರಿಲ್ಲಾಗಳು ನಾಚಿಕೆಯವು, ಇರುವುದೂ ಕೆಲವೇ. ಉಳಿದ ಮೂರಕ್ಕೆ ಎವಾನೆ ಸಾರ್ ಒಳ್ಳೆಯ ಫೋಟೋ ಕೊಟ್ಟಿದ್ದರು. ನಮ್ಮದಕ್ಕೆ ಕೊಟ್ಟದ್ದು ಎಲೆಗಳ ಸಂದಿಯಲ್ಲಿ ಮಸುಕಾಗಿ ಕಾಣುವ ಒಂದು ಬೆನ್ನು. ಬೆನ್ನಿಗೆ ಮುಖ ಎಲ್ಲಿಂದ ತರಲಿ? ಮೂವತ್ತು ವರ್ಷದಿಂದ ಕಾಡಿನಲ್ಲಿ ಜಾಡು ಹಿಡಿಯುವ ಲೆಕೆಯನ್ನು ಹಿಡಿದು, ಒಂದು ಬುಂಡೆ ತಾಳೆಹೆಂಡ ಕುಡಿಸಿ ಕೇಳಿದ್ದೆ. ಹುಬ್ಬು ಹೇಗೆ, ಮೂಗು ಹೇಗೆ ಎಂದು ಹೇಳುತ್ತ ಹೇಳುತ್ತ ಅವನು, “ಎಡಗಿವಿ ಎರಡು ಸೀಳು” ಎಂದೂ ಅಂದಿದ್ದ. ನನ್ನ ಕೈ ಕೇಳಿದ್ದನ್ನು ಬರೆಯಿತು. ತಲೆ ಎಲ್ಲಿತ್ತೋ ಗೊತ್ತಿಲ್ಲ.

ಲೆಕೆ ಓಡಿ ಬಂದ. ಸುದ್ದಿ ಆಗಲೇ ಅವನನ್ನು ಮುಟ್ಟಿತ್ತು.

“ಕತ್ತೆ! ಹೆಂಡದ ಬಾಯಲ್ಲಿ ಹೇಳಿದ್ದನ್ನ ರಸ್ತೇಲಿ ತೂಗು ಹಾಕ್ತೀಯಾ?”

“ನೀನು ಯಾಕೆ ಹೇಳಿದೆ?”

“ನೀನು ಯಾಕೆ ಕುಡಿಸಿದೆ?”

“ಇಬ್ಬರೂ ಬಾಯಿ ಮುಚ್ಚಿ,” ಎಂದಳು ಮಾ ಅಗ್ನೆಸ್. “ಮೋರ್ಫಾ ಬಂದೂಕು ಒರೆಸ್ತಿದಾನೆ. ಮಾಡಿದ್ದನ್ನ ಸರಿ ಮಾಡೋ ದಾರಿ ನೋಡಿ. ಶನಿವಾರ ದೊಡ್ಡ ಜನ ಬಂದು ಪರದೆ ಎಳೀತಾರೆ, ಆಮೇಲೆ ಆ ಕಿವಿ ನಿಮ್ಮದೂ ಅಲ್ಲ, ನನ್ನದೂ ಅಲ್ಲ.”

ಸಂಜೆಯೊಳಗೆ ಪಾ ಅವರ ಅಂಗಳಕ್ಕೆ ಹೋದೆ. ಅವರು ಬಿದಿರಿನ ಮಣೆಯ ಮೇಲೆ ಕುಳಿತಿದ್ದರು. ನಾನು ತಟ್ಟಿದ ಚಪ್ಪಾಳೆಗೆ ತಲೆ ಎತ್ತಲಿಲ್ಲ.

“ಪಾ, ನಾಳೆ ಬೆಳಗ್ಗೆ ಆ ಕಿವಿ ಅಳಿಸ್ತೀನಿ.”

“ಯಾವ ಕಿವಿ?”

ನನ್ನ ಕಣ್ಣು ಅವರ ಎಡಗಿವಿಯ ಕಡೆ ಹೋಗಿ ನೆಲಕ್ಕೆ ಇಳಿಯಿತು.

“ಯಾವ ಕಿವಿ ಅಂತ ಕೇಳಿದೆ. ನಾನು ಕಿವಿ ವಿಷಯ ಮಾತಾಡಿದೆನಾ? ನಾನು ಮಾತಾಡಿದ್ದು ಎತ್ತರದ್ದು. ಕುಳ್ಳ ಮಾಡಿದೀಯ, ಅದಕ್ಕೆ ಸಿಟ್ಟು.” ಅವರು ಕೋಲನ್ನು ನೆಲಕ್ಕೆ ಕುಟ್ಟಿದರು. “ಅಳಿಸ್ತಾನಂತೆ! ಇಡೀ ಊರು ನೋಡಿದ ಮೇಲೆ ಅಳಿಸಿದರೆ ಏನರ್ಥ? ನಿಜ ಅಂತ ಡೋಲು ಹೊಡೆಸಿದ ಹಾಗಲ್ವಾ? ಆ ಬಂದೂಕಿನವನಿಗೆ ನೀನೇ ಹೋಗಿ ದಾರಿ ತೋರಿಸಿದ ಹಾಗಲ್ವಾ?”

“ಹಾಗಾದರೆ ಏನು ಮಾಡಲಿ?”

“ಅದನ್ನೂ ನಾನೇ ಹೇಳಬೇಕಾ? ಎರಡು ಕಾಲಿನ ಮೇಲೆ ನಿಂತ ಗೊರಿಲ್ಲಾ ಬರೆಯೋಕೆ ಬರುತ್ತೆ, ನಿನ್ನ ಕಾಲ ಮೇಲೆ ನೀನು ನಿಲ್ಲೋಕೆ ಬರಲ್ವಾ? ಹೋಗು! ನನ್ನ ಕಣ್ಣಿಗೆ ಬೀಳಬೇಡ.”

ಒಳಗಿನಿಂದ ಅವರ ಹೆಂಡತಿ ಇಣುಕಿ ನೋಡಿದರು. ಆ ನೋಟ ಬೈಗುಳಕ್ಕಿಂತ ಕೆಟ್ಟದಾಗಿತ್ತು. ಈಗಾಗಲೇ ಯಾರೋ ಸತ್ತಿರುವ ಮನೆಗೆ ಬಂದವನನ್ನು ನೋಡುವ ನೋಟ.

ಶುಕ್ರವಾರ ಬೆಳಗ್ಗೆ ಎವಾನೆ ಸಾರ್ ಬಂದರು. ಕರಾವಳಿಯ ಕಡೆಯವರು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟೇಪು. ಬೋರ್ಡಿನ ಮುಂದೆ ನಿಂತು ನಾಲ್ಕನ್ನೂ ಅಳೆದು, “ಭೇಷ್, ಒಂದು ಸೆಂಟಿಮೀಟರೂ ತಪ್ಪಿಲ್ಲ” ಎಂದರು. ನಾನು ಕಿವಿಯ ಮಾತೆತ್ತಿದೆ. ಪಾ ಅವರ ಹೆಸರು ಹೇಳದೆ, ಊರಿನವರಿಗೆ ಸರಿ ಬರುತ್ತಿಲ್ಲ, ಬೋರ್ಡು ಇಳಿಸಿ ಬೇರೆ ಬರೆದುಕೊಡುತ್ತೇನೆ, ಎರಡು ವಾರ ಕೊಡಿ ಎಂದೆ.

“ಎರಡು ವಾರ! ನಾಳೆ ಕಾರ್ಯಕ್ರಮ ಕಣಯ್ಯ. ಕಿವಿಗೇನಾಗಿದೆ? ಅದೇ ಚೆಂದ ಇರೋದು. ನೋಡಿದ ತಕ್ಷಣ ಇವನು ಬೇರೆಯವನು ಅಂತ ಗೊತ್ತಾಗುತ್ತೆ. ಜನ ಅವನನ್ನ ಪ್ರೀತಿಸ್ತಾರೆ. ನಾನು ಒಂದು ಹೆಸರೂ ಇಡೋಣ ಅಂತಿದೀನಿ.”

“ಹೆಸರು ಬೇಡ ಸಾರ್.”

“ಯಾಕೆ?”

“ಬೇಡ ಅಂದೆನಲ್ಲ!” ನನ್ನ ದನಿ ನನಗೇ ಹೊಸದಾಗಿತ್ತು. “ಇಲ್ಲಿ ಆ ಕಿವಿ ನೋಡಿ ಪ್ರೀತಿಸೋರಷ್ಟೇ ಇಲ್ಲ ಸಾರ್. ಬಂದೂಕು ಇಟ್ಟುಕೊಂಡೋರೂ ಇದಾರೆ. ನೀವು ಅವನನ್ನ ಕಾಯೋಕೆ ಬಂದೋರೋ, ಕೊಲ್ಲಿಸೋಕೋ?”

ಲೆಕೆ ಪಕ್ಕದಲ್ಲಿ ಬಂದು ನಿಂತ. “ಸಾರ್, ಮೂವತ್ತು ವರ್ಷದಿಂದ ನಿಮ್ಮ ಕಚೇರಿಗೆ ನಾನು ಅವು ರಾತ್ರಿ ಮಲಗೋ ಗೂಡು ಎಣಿಸಿದೀನಿ, ಲದ್ದಿಯ ದಪ್ಪ ಅಳೆದು ಇದು ಗಂಡು, ಇದು ಹೆಣ್ಣು, ಇದು ಮರಿ ಅಂತ ಬರೆದುಕೊಟ್ಟಿದೀನಿ. ಒಂದು ದಿನಾನೂ ಪ್ರಾಣಿಗೆ ಟೇಪು ಹಿಡಿದೋನಲ್ಲ. ಹಿಡಿದೋರು ಯಾರೂ ಇಲ್ಲ. ಆ ನೂರ ಅರವತ್ತೈದನ್ನ ನೀವು ಪಟ್ಟು ಹಿಡಿದು ಬರೆಸಿದ್ರಿ. ಇದೊಂದು ಮಾತು ನಮ್ಮದು ಕೇಳಿ.”

ಎವಾನೆ ಸಾರ್ ಟೇಪನ್ನು ಸರ್ರನೆ ಸುತ್ತಿಕೊಂಡರು. “ನೋಡ್ರಪ್ಪಾ, ನಿಮ್ಮ ಊರಿನ ಗುಟ್ಟುಗಳು ನಿಮಗಿರಲಿ. ಒಪ್ಪಿಗೆಯಾದ ಚಿತ್ರದಲ್ಲಿ ಒಂದು ಗೆರೆಯನ್ನೂ ಅಳಿಸಕೂಡದು. ಅಳಿಸಿದ್ರೆ ಬೇರೆ ಪೇಂಟರ್ ತರಿಸ್ತೀನಿ, ಅವನು ಇನ್ನೂ ದಪ್ಪಗೆ ಬರೀತಾನೆ. ತಿಳೀತಾ?”

“ಅಳಿಸಲ್ಲ ಸಾರ್,” ಎಂದೆ.

“ಒಂದು ಗೆರೆ?”

“ಒಂದು ಗೆರೆಯನ್ನೂ ಅಳಿಸಲ್ಲ.”

ಅವರು ಕುರ್ಚಿ, ಶಾಮಿಯಾನದ ವ್ಯವಸ್ಥೆಗೆ ಮೇಲಿನ ಕೇರಿಗೆ ಹೋದರು. ನನ್ನ ಕಿವಿಯಲ್ಲಿ ಮಾತ್ರ ಅದೇ ಮಾತು ಕುದಿಯುತ್ತಿತ್ತು. ಅಳಿಸಕೂಡದು. ಪಾ ಕೂಡ ಅದನ್ನೇ ಅಂದಿದ್ದರು. ಇಬ್ಬರೂ ಬೇಡವೆಂದದ್ದು ಅಳಿಸುವುದನ್ನು. ಬರೆಯುವುದನ್ನು ಯಾರೂ ಬೇಡವೆಂದಿರಲಿಲ್ಲ!

ಏಣಿ ಎಳೆದೆ. ಕುಂಚವನ್ನು ಕಪ್ಪಿಗೆ ಅದ್ದಿ ಕಾಂಗೋದ ದೊಡ್ಡವನ ಎಡಗಿವಿಯನ್ನು ಸೀಳಿದೆ. ಏಣಿ ಸರಿಸಿ ರುವಾಂಡಾದವನ ಉದ್ದ ಕೂದಲ ನಡುವೆ ಕಿವಿ ಹುಡುಕಿ ಸೀಳಿದೆ. ಗಬೋನಿನವನದನ್ನೂ ಸೀಳಿದೆ. ಕೈ ಬಿಸಿಯಾಗಿತ್ತು, ನಿಲ್ಲಲಿಲ್ಲ. ರಸ್ತೆಯಾಚೆ ಕ್ಷೌರದಂಗಡಿಯ ಬೋರ್ಡು ನನ್ನದೇ ಕೆಲಸ, ಆರು ತಲೆ, ಆರು ಬಗೆಯ ಕ್ಷೌರ. ಆರರ ಎಡಗಿವಿಯೂ ಹೋಯಿತು. ಹೆಂಡದಂಗಡಿಯ ಗೋಡೆಯ ಫುಟ್‌ಬಾಲ್ ಆಟಗಾರ, ಔಷಧಿ ಅಂಗಡಿಯ ನಗುವ ನರ್ಸ್, ಮಾ ಅಗ್ನೆಸ್ಸಳ ಅಂಗಡಿಯ ಹಲಗೆಯಲ್ಲಿ ಅಚು ತಿನ್ನುತ್ತಿರುವ ದಪ್ಪ ಮನುಷ್ಯ, ಯಾರನ್ನೂ ಬಿಡಲಿಲ್ಲ. ಹತ್ತು ವರ್ಷ ಪ್ರೀತಿಯಿಂದ ಬರೆದ ಕಿವಿಗಳನ್ನು ಒಂದು ಬೆಳಗಿನಲ್ಲಿ, ಹಲ್ಲು ಕಚ್ಚಿಕೊಂಡು, ಒಂದೊಂದಾಗಿ ಸೀಳಿದೆ. ಕ್ಷೌರದವನು ಬಾಯಿ ತೆರೆಯುವಷ್ಟರಲ್ಲಿ ಮಾ ಅಗ್ನೆಸ್ ಅವನಿಗೆ ಕಣ್ಣು ಕೆಕ್ಕರಿಸಿದಳು. ಅವನು ಬಾಯಿ ಮುಚ್ಚಿಕೊಂಡು, ಬೋರ್ಡನ್ನು ನೋಡಿ, ಪಾ ಅವರ ಮನೆಯ ಕಡೆ ನೋಡಿ, ಒಳಗಿನಿಂದ ಇನ್ನೊಂದು ಹಳೆಯ ಹಲಗೆ ತಂದು ಕೊಟ್ಟ.

“ಇದರಲ್ಲೂ ಎರಡು ತಲೆ ಇವೆ,” ಅಂದ.

ಮಧ್ಯಾಹ್ನ ಮೋರ್ಫಾ ಬಂದ. ಬಂದೂಕು ಹೊಸದಾಗಿ ಎಣ್ಣೆ ಕುಡಿದು ಹೊಳೆಯುತ್ತಿತ್ತು. ಬೋರ್ಡಿನೆದುರು ನಿಂತ. ಒಂದು, ಎರಡು, ಮೂರು, ನಾಲ್ಕು ಕಿವಿ ನೋಡಿದ. ತಿರುಗಿ ಕ್ಷೌರದಂಗಡಿ ನೋಡಿದ. ಫುಟ್‌ಬಾಲ್ ಆಟಗಾರನನ್ನು ನೋಡಿದ.

“ಏನೋ ಇದು?”

“ಏನು?”

“ಕಿವಿ! ಎಲ್ಲರ ಕಿವಿನೂ!”

“ನನ್ನ ಕೈಯ ಕಿವಿ ಹಾಗೇನೇ,” ಎಂದೆ. “ನಾನೇನು ಶಾಲೇಲಿ ಕಲಿತವನಾ? ಮೊದಲಿಂದ ಹಾಗೇ ಬರೀತಿದೀನಿ. ನಿನಗೆ ನಿನ್ನೆ ಮೊನ್ನೆ ಕಣ್ಣು ಬಂದಿದೆ, ಅಷ್ಟೇ.”

“ಸುಳ್ಳು ಬೊಗಳಬೇಡ. ಹೊಸ ಪೇಂಟು ವಾಸನೆ ಇಲ್ಲಿಗೆ ಬರ್ತಿದೆ.”

“ಶನಿವಾರ ದೊಡ್ಡೋರು ಬರ್ತಾರೆ, ಎಲ್ಲದಕ್ಕೂ ಒಂದು ಕೈ ಬಣ್ಣ ಹೊಡೆದೆ. ತಪ್ಪಾ?”

ಮೋರ್ಫಾ ಮಾ ಅಗ್ನೆಸ್ ಕಡೆ ತಿರುಗಿದ. “ನೀನು ಹೇಳು. ನಿನ್ನ ಹಲಗೆಯವನ ಕಿವಿ ಮೊನ್ನೆ ಸರಿಯಾಗಿತ್ತೋ ಇಲ್ವೋ?”

“ಯಾವತ್ತು ಸರಿಯಾಗಿತ್ತು?” ಅವಳು ಒನಕೆಯನ್ನು ಒರಳಿಗೆ ದೊಪ್ಪೆಂದು ಹಾಕಿದಳು. “ಆವತ್ತೇ ಜಗಳಾಡಿದ್ದೆ ಇವನ ಜೊತೆ. ಊಟದಂಗಡಿಗೆ ಕಿವಿಹರಕನನ್ನ ಬರೆದಿದೀಯಲ್ಲೋ, ಗಿರಾಕಿ ಓಡಿ ಹೋಗ್ತಾರೆ ಅಂತ. ಕೇಳಿದ್ನಾ?”

“ನೀನು?” ಕ್ಷೌರದವನನ್ನು ಕೇಳಿದ.

“ನಾನು ಕೂದಲು ನೋಡೋನು. ಕಿವಿ ಎಲ್ಲಿ ನೋಡ್ಲಿ?”

ಕೊನೆಗೆ ಲೆಕೆಯ ಮುಂದೆ ನಿಂತ. “ಗುಡ್ಡದಲ್ಲಿ ಸೀಳುಕಿವಿಯವನು ಇದಾನೋ ಇಲ್ವೋ? ನೀನೇ ಕಂಡೋನು. ಬಾಯಿ ಬಿಡು.”

ಲೆಕೆ ಎದ್ದು ನಿಂತ. ಅವನು ಮೋರ್ಫಾನ ಗಲ್ಲದವರೆಗೂ ಬರುವುದಿಲ್ಲ, ಆದರೂ ಆ ಹೊತ್ತಿನಲ್ಲಿ ಹೆಚ್ಚು ಜಾಗ ತುಂಬಿದವನು ಅವನೇ. “ಇದಾನೆ. ಒಬ್ಬನಲ್ಲ, ಮೂವರಿದಾರೆ. ಕಾಡಲ್ಲಿ ಮುಳ್ಳಿದೆ, ಉರುಳಿದೆ. ಆ ಉರುಳುಗಳನ್ನ ಹಾಕಿದೋರು ಯಾರು ಅಂತಲೂ ನಾನು ಕಂಡಿದೀನಿ. ಅದನ್ನೂ ನಾಳೆ ದೊಡ್ಡ ಜನರ ಮುಂದೆ ಬಾಯಿ ಬಿಡ್ಲಾ?”

ಮೋರ್ಫಾ ಗುಡ್ಡದ ಕಡೆ ನೋಡಿದ. ಮೂವರಿದ್ದರೆ ಯಾವನಿಗೆ ಗುರಿಯಿಡಬೇಕು? ತಪ್ಪಿ ಬೇರೆಯವನಿಗೆ ಇಟ್ಟರೆ, ಅದು ಯಾರ ಮೈಯೋ? ಅವನ ಅಜ್ಜನಿಗೂ ಗುಡ್ಡದಲ್ಲಿ ಯಾರೋ ಇದ್ದರೆಂದು ಹೇಳುತ್ತಿದ್ದರು. ಅವನು ನಾಲ್ಕನೆಯವನ ಕಾಲ ಬಳಿ ಉಗುಳಿ, ನಮ್ಮೆಲ್ಲರ ತಾಯಂದಿರನ್ನೂ ನೆನೆದು, ಬಂದೂಕಿನ ಮೂತಿ ಕೆಳಗೆ ಮಾಡಿಕೊಂಡು ಹೋದ.

ಎವಾನೆ ಸಾರ್ ತಿರುಗಿ ಬಂದಾಗ ಆದ ಗಲಾಟೆಯನ್ನು ವಿವರಿಸಲಾರೆ. “ರುವಾಂಡಾದ ಗೊರಿಲ್ಲಾಗೆ ಯಾಕಯ್ಯಾ ಸೀಳುಕಿವಿ?” ಎಂದು ಕೂಗಿದರು. “ನೀವು ಅಳಿಸಬೇಡ ಅಂದ್ರಿ, ಅಳಿಸಿಲ್ಲ” ಎಂದು ನಾನೂ ಕೂಗಿದೆ. ಟೇಪನ್ನು ನೆಲಕ್ಕೆಸೆದರು. ಎತ್ತಿಕೊಂಡು, ಎತ್ತರಗಳಾದರೂ ಸರಿಯಾಗಿವೆಯಲ್ಲ ಎಂದು ಮತ್ತೊಮ್ಮೆ ಅಳೆದರು. ನಾಳೆ ಬೆಳಗ್ಗೆ ಮೊದಲ ಕೆಲಸವಾಗಿ ಕಂಬದ ಗುಂಡಿಗಳಿಗೆ ಸಿಮೆಂಟ್ ಸುರಿಯಬೇಕೆಂದು ಹೇಳಿ, ನನ್ನ ಮುಖ ನೋಡದೆ ಹೋದರು.

ಬಿಸಿಲು ಇಳಿಯುವಾಗ ಪಾ ಫೊಲೆಫಾಕ್ ಬಂದರು. ನಾನು ಕುಂಚ ತೊಳೆಯುತ್ತಿದ್ದೆ. ಚಪ್ಪಾಳೆ ತಟ್ಟಲು ಒದ್ದೆ ಕೈ ಎತ್ತಿದೆ. ಅವರು ಬೇಡವೆಂದು ಕೋಲು ಆಡಿಸಿದರು. ಕ್ಷೌರದಂಗಡಿಯ ಆರು ತಲೆ, ನರ್ಸ್, ಆಟಗಾರ, ಎಲ್ಲರ ಮುಂದೆಯೂ ನಿಂತು ನೋಡಿದರು. ಬೋರ್ಡಿನ ಮುಂದೆ ತುಂಬ ಹೊತ್ತು ನಿಂತರು. ಅವರ ಸಿಟ್ಟು ಇಳಿದಿರಬಹುದು ಎಂದುಕೊಂಡೆ.

“ಈಗಲೂ ಕುಳ್ಳಗೇ ಇದಾನೆ,” ಅಂದರು.

“ಪಾ...”

“ಕುಳ್ಳಗೇ ಇದಾನೆ ಅಂದೆ!”

“ಅಳತೆ ನನ್ನ ಕೈಲಿಲ್ಲ. ಅದೊಂದನ್ನ ಮುಟ್ಟಿದರೆ ಅವರು ಬೋರ್ಡೇ ಕಿತ್ತುಹಾಕಿ ಬೇರೆಯವನ ಕೈಲಿ ಬರೆಸ್ತಾರೆ.”

“ಸತ್ತವರ ತಲೆ ಅಳೆದಿದಾರೆ. ಪೆಟ್ಟಿಗೇಲಿಟ್ಟ ತಲೆ. ಒಣಗಿದ್ದು ಕುಗ್ಗಲ್ವಾ? ಬದುಕಿರೋನು ಎಷ್ಟೆತ್ತರ ಅಂತ ಒಬ್ಬನೂ ಬಂದು ಕೇಳಲಿಲ್ಲ.” ಅವರು ನಾಲ್ಕನೆಯವನಿಗೆ ಬೆನ್ನು ಕೊಟ್ಟು, ಟೋಪಿ ತೆಗೆದು, ಅಂಗೈಯನ್ನು ನೆತ್ತಿಯ ಮೇಲೆ ಅಡ್ಡ ಇಟ್ಟು, ತಗಡಿಗೆ ತಾಗಿಸಿದರು. ತಿರುಗಿ ನೋಡಿದರು. ಚಿತ್ರದ ನೆತ್ತಿಗೂ ಅವರ ಅಂಗೈಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. “ನಾನಿನ್ನೂ ಸತ್ತಿಲ್ಲವಲ್ಲೋ, ಬೆಜಾ,” ಎಂದರು.

ಇಷ್ಟು ವರ್ಷದಲ್ಲಿ ಅವರು ಅಂಥ ಮಾತಾಡಿದ್ದು ಅದೊಂದೇ ಸಲ. ನಾನು ಕೇಳಿಸಿಕೊಳ್ಳಲಿಲ್ಲ. ಕುಂಚ ತೊಳೆಯುತ್ತಲೇ, “ಗಾಳಿ ಜೋರಾಗಿದೆ ಪಾ, ಏನಂದ್ರೋ ತಿಳೀಲಿಲ್ಲ,” ಎಂದೆ.

“ಏನೂ ಅನ್ನಲಿಲ್ಲ,” ಎಂದು ಟೋಪಿ ಹಾಕಿಕೊಂಡು ಹೋದರು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಸಿಮೆಂಟ್ ಚೀಲ ಹೊತ್ತು ಜಂಕ್ಷನ್ನಿಗೆ ಬಂದೆ. ಬೋರ್ಡು ಏನೋ ಬೇರೆಯಾಗಿ ಕಂಡಿತು. ಹತ್ತಿರ ಹೋದೆ. ಬಲಗಡೆಯ, ನಾಲ್ಕನೆಯವನ ಪಕ್ಕದ ಕಂಬದ ಗುಂಡಿಯಲ್ಲಿ, ಕಂಬದ ಬುಡದ ಕೆಳಗೆ, ಯಾರೋ ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟಿದ್ದರು. ತೊರೆಯ ಕಲ್ಲುಗಳು, ಇನ್ನೂ ಒದ್ದೆಯಾಗಿದ್ದವು. ಆ ಕಡೆ ಬೋರ್ಡು ಒಂದು ಗೇಣು ಎದ್ದಿತ್ತು. ಗೊರಿಲ್ಲಾಗಳ ಕಾಲ ಕೆಳಗಿನ ಹಸಿರು ನೆಲ ಗುಡ್ಡದ ಹಾಗೆ ಏರಿತ್ತು. ನಾಲ್ಕು ತಲೆಗಳು ಮಾತ್ರ ನೂಲು ಹಿಡಿದಂತೆ ಒಂದೇ ಸಾಲಿನಲ್ಲಿದ್ದವು.

ಎವಾನೆ ಸಾರ್ ಅವರ ಗಾಡಿಯ ಸದ್ದು ಕೆಳಗಿನ ತಿರುವಿನಲ್ಲಿ ಕೇಳಿಸಿತು. ನಾನು ಚೀಲ ಹರಿದು, ನೀರು ಬೆರೆಸಿ, ಬೇಗ ಬೇಗ ಕಲಸಿ, ಮೊದಲು ಬಲಗಡೆಯ ಗುಂಡಿಗೆ, ಆ ಕಲ್ಲುಗಳು ಮುಚ್ಚುವಷ್ಟು, ಸಿಮೆಂಟ್ ಸುರಿದೆ.